ಬಾಡಿಗೆದಾರರು ಜೈಲಿನಲ್ಲಿ, ಮನೆಗೆ ಬೀಗ: ಏನು ಮಾಡಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಮಹಡಿ ಮನೆಯಲ್ಲಿ ಒಬ್ಬರೇ ಇದ್ದ ಬಾಡಿಗೆದಾರರು ಎರಡು ತಿಂಗಳಿಂದ ಪರಪ್ಪನ ಅಗ್ರಹಾರದಲ್ಲಿದ್ದಾರೆ. ಬಾಡಿಗೆ 14,000, ಅಡ್ವಾನ್ಸ್ 1 ಲಕ್ಷ. ಬೀಗ ಒಡೆದು ಸಾಮಾನು ಎತ್ತಿಟ್ಟು ಬೇರೆಯವರಿಗೆ ಕೊಡಬಹುದಾ? ತಿಳಿದವರು ಹೇಳಿ.

● ಬೀಗ ಮುಟ್ಟಬೇಡಿ ಸರ್. ಅರೆಸ್ಟ್ ಆದ ಮಾತ್ರಕ್ಕೆ ಬಾಡಿಗೆ ಹಕ್ಕು ಹೋಗುವುದಿಲ್ಲ. ಕಾನೂನು ಬಿಟ್ಟು ಖಾಲಿ ಮಾಡಿಸಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್‌ನಡಿ ಅವರು ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಕೇಳಬಹುದು. ಮನೆ ನಿಮ್ಮದೇ ಎಂಬ ವಾದ ಅಲ್ಲಿ ನಡೆಯದು. ಬೀರುವಿನಲ್ಲಿದ್ದ ಒಡವೆ ಎಲ್ಲಿ ಎಂದರೆ ಲೆಕ್ಕ ಕೊಡಬೇಕಾದವರೂ ನೀವೇ. ಮೊದಲು ತನಿಖಾಧಿಕಾರಿಗೆ ಅರ್ಜಿ ಕೊಟ್ಟು, ಮನೆಯಲ್ಲಿ ಶೋಧ, ಮಹಜರು ಬಾಕಿ ಇದೆಯಾ ಎಂದು ಕೇಳಿ. ನಕಲಿಗೆ ಸ್ವೀಕೃತಿ ಹಾಕಿಸಿಕೊಳ್ಳಿ.

● ಒಪ್ಪಿಗೆಯಿಂದ ಬಿಡಿಸಿಕೊಳ್ಳುವುದೇ ಎಲ್ಲಕ್ಕಿಂತ ಒಳ್ಳೆಯದು. ಅವರ ವಕೀಲರ ಮೂಲಕ ಒಂದು ಪತ್ರ ತರಿಸಿ: ಮನೆ ಬಿಡುವ ದಿನ, ಬೀಗ ತೆಗೆದು ಸಾಮಾನು ಒಯ್ಯುವವರ ಹೆಸರು, ಅಡ್ವಾನ್ಸ್‌ನಲ್ಲಿ ಕಡಿತ, ಉಳಿಕೆ ಜಮಾ ಆಗಬೇಕಾದ ಖಾತೆ. ಸಹಿ ಅವರದೇ ಎಂದು ಜೈಲು ಸೂಪರಿಂಟೆಂಡೆಂಟ್ ದೃಢೀಕರಿಸಿರಲಿ. ಎರಡು ತಿಂಗಳ 28,000 ಕಳೆದರೆ 72,000 ಉಳಿಯುತ್ತದೆ. ಕರೆಂಟು, ನೀರಿನ ಬಾಕಿ ರಸೀದಿ ಸಮೇತ ಕಳೆಯಿರಿ. ಉಳಿದದ್ದನ್ನು ಅವರು ಹೇಳಿದ ಖಾತೆಗೇ ಹಾಕಿ. ಪತ್ರವಿಲ್ಲದೆ "ನಾನು ತಮ್ಮ" ಎಂದು ಬಂದವರಿಗೆ ಸಾಮಾನು ಕೊಟ್ಟು, ಆಮೇಲೆ ಹೆಂಡತಿ ಬಂದು ಕೇಳುವಾಗಲೇ ತೊಂದರೆ ಶುರುವಾಗುವುದು. ಬೀಗ ತೆಗೆಯುವ ದಿನ ಇಬ್ಬರು ಸಾಕ್ಷಿಗಳು, ಬಾಗಿಲಿನಿಂದಲೇ ಶುರುವಾಗುವ ವಿಡಿಯೊ, ಕೋಣೆವಾರು ಪಟ್ಟಿ, ಎಲ್ಲರ ಸಹಿ ಇರಲಿ.

● ವಕೀಲರು ಯಾರೆಂದು ಗೊತ್ತಿಲ್ಲದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಠಾಣೆ, ಎಫ್‌ಐಆರ್ ನಂಬರ್ ಹಾಕಿ ಹುಡುಕಿ.

● ಒಪ್ಪದಿದ್ದರೆ ನೋಟಿಸ್. ಬೆಂಗಳೂರಲ್ಲಿ ತಿಂಗಳ ಬಾಡಿಗೆ 3,500 ದಾಟಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸದು. ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ, ತಿಂಗಳ ಲೆಕ್ಕದ ಬಾಡಿಗೆಗೆ 15 ದಿನದ ನೋಟಿಸ್ ಕೊಡಬೇಕು. ಕರಾರಿನ ಅವಧಿ ಇನ್ನೂ ಇದ್ದರೆ ಅದರ ಷರತ್ತು ನೋಡಿ. ಒಂದು ಪ್ರತಿ ಮನೆ ವಿಳಾಸಕ್ಕೆ, ಇನ್ನೊಂದು ಸೂಪರಿಂಟೆಂಡೆಂಟ್ ಮುಖಾಂತರ ಜೈಲಿಗೆ. ಆಮೇಲೆ ದಾವೆ. ಸಮನ್ಸ್ ಕೂಡ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 5, ನಿಯಮ 24ರಂತೆ ಜೈಲಿನ ಅಧಿಕಾರಿಗೇ ಹೋಗಬೇಕು. ಜೈಲಿನಲ್ಲಿದ್ದಾರೆಂದು ಗೊತ್ತಿದ್ದೂ ಬರೀ ಬೀಗ ಹಾಕಿದ ಮನೆಯ ವಿಳಾಸ ಕೊಟ್ಟು ಏಕಪಕ್ಷೀಯ ಡಿಕ್ರಿ (ಅವರು ಹಾಜರಾಗದೆಯೇ ಬರುವ ತೀರ್ಪು) ಪಡೆದರೆ, ಸಮನ್ಸ್ ಜಾರಿಯಾಗಿಲ್ಲ ಎಂದು ಅವರು ಅದನ್ನು ರದ್ದು ಮಾಡಿಸಬಹುದು. ಪಟ್ಟ ಪಾಡೆಲ್ಲ ವ್ಯರ್ಥ.

● ಅಲ್ಲಿಯವರೆಗೆ ನೀರಿನ ಪೈಪು ಸೋರದಂತೆ ಟೆರೇಸ್ ಟ್ಯಾಂಕಿನಿಂದ ಆ ಮನೆಗೆ ಇಳಿಯುವ ಗೇಟ್ ವಾಲ್ವ್ ಮುಚ್ಚಿ, ಒಳಗೆ ಹೋಗಬೇಕಿಲ್ಲ. ಬೆಸ್ಕಾಂ ಬಿಲ್ ನೀವೇ ಕಟ್ಟಿ ರಸೀದಿ ಇಡಿ. ಗ್ಯಾಸ್ ವಾಸನೆ ಬಂದರೆ ಮಾತ್ರ ಕಾಯಬೇಡಿ: ಸ್ವಿಚ್ ಮುಟ್ಟದೆ 1906ಕ್ಕೆ, ಪೊಲೀಸರಿಗೆ ಫೋನ್ ಮಾಡಿ, ಅವರ ಎದುರಲ್ಲೇ ಬೀಗ ತೆಗೆಸಿ.