ಲೋಡಿಂಗ್ ಕಾಯಿಲ್: ಕೆಳಗೆ 100, ಮೇಲೆ 86. ಉಳಿದ ಕರೆಂಟ್ ಎಲ್ಲಿ ಹೋಯಿತು?

ನಲವತ್ತು_ಮೀಟರ್:

ಎಲ್ಲರಿಗೂ ನಮಸ್ಕಾರ. ಹವ್ಯಾಸಿ ರೇಡಿಯೋದ 40 ಮೀಟರ್ ಬ್ಯಾಂಡಿಗೆ ಒಂದು ಗಿಡ್ಡ ವರ್ಟಿಕಲ್ (ನೆಟ್ಟಗೆ ನಿಲ್ಲುವ) ಆಂಟೆನಾ ಕಟ್ಟಿದ್ದೇನೆ. ಒಟ್ಟು ಎತ್ತರ 2.5 ಮೀಟರ್. 7.1 ಮೆಗಾಹರ್ಟ್ಸ್‌ಗೆ ಕ್ವಾರ್ಟರ್ ವೇವ್, ಅಂದರೆ ಅಲೆಯ ಉದ್ದದ ಕಾಲು ಭಾಗ, ಸುಮಾರು 10.5 ಮೀಟರ್ ಬೇಕು, ಅಷ್ಟು ಎತ್ತರಕ್ಕೆ ನನಗೆ ಅನುಕೂಲವಿಲ್ಲ. ಅದಕ್ಕೆ ನಟ್ಟನಡುವೆ ಲೋಡಿಂಗ್ ಕಾಯಿಲ್ (ಗಿಡ್ಡತನ ಸರಿದೂಗಿಸುವ ತಂತಿಸುರುಳಿ) ಹಾಕಿದೆ. ಪಿವಿಸಿ ಪೈಪಿನ ಮೇಲೆ 46 ಸುತ್ತು, 7 ಸೆಂ.ಮೀ. ವ್ಯಾಸ, 25 ಸೆಂ.ಮೀ. ಉದ್ದ. ಇಂಡಕ್ಟನ್ಸ್ 36 ಮೈಕ್ರೋಹೆನ್ರಿ ಹತ್ತಿರ ಬರುತ್ತದೆ. ರೆಸೊನೆನ್ಸ್ (ಆಂಟೆನಾ ಆ ಫ್ರೀಕ್ವೆನ್ಸಿಗೆ ಶ್ರುತಿಗೊಳ್ಳುವುದು) ಸರಿಯಾಗಿ ಸಿಕ್ಕಿದೆ.

ಕಾಯಿಲ್‌ನ ಕೆಳಗೊಂದು, ಮೇಲೊಂದು ಆರ್‌ಎಫ್ ಕರೆಂಟ್ ಮೀಟರ್ ಕೂರಿಸಿ ನೋಡಿದೆ. ಮನೆಯಲ್ಲೇ ಮಾಡಿದ್ದು: ಫೆರೈಟ್ ರಿಂಗ್ ಒಳಗಿಂದ ರಾಡ್ ಹಾದುಹೋಗುತ್ತದೆ, ರಿಂಗ್ ಮೇಲೆ ಸುತ್ತಿದ ತಂತಿಗೆ ಡಯೋಡ್, ಅದಕ್ಕೊಂದು ಪುಟ್ಟ ಮುಳ್ಳಿನ ಮೀಟರ್. ಉದ್ದ ವೈರ್ ಎಳೆದಿಲ್ಲ, ಮೀಟರ್ ಅಲ್ಲೇ ಕೂತಿರುತ್ತದೆ. 5 ವ್ಯಾಟ್ ಕೊಟ್ಟು, ದೂರ ನಿಂತು ಬೈನಾಕ್ಯುಲರ್‌ನಲ್ಲಿ ಓದಿದೆ. ಕೆಳಗಿನದನ್ನು 100 ಅಂತ ಇಟ್ಟುಕೊಂಡರೆ ಮೇಲಿನದು 86. ಮೀಟರ್‌ಗಳನ್ನು ಅದಲುಬದಲು ಮಾಡಿದರೂ ಅಷ್ಟೇ.

ಇಬ್ಬರು ಗೆಳೆಯರನ್ನು ಕೇಳಿದೆ. ಒಬ್ಬರು "ಕಾಯಿಲ್ ಸೀರೀಸ್‌ನಲ್ಲಿದೆ, ಒಳಗೆ ಹೋದಷ್ಟೇ ಕರೆಂಟ್ ಹೊರಗೆ ಬರಬೇಕು, ನಿಮ್ಮ ಮೀಟರ್ ಸರಿಯಿಲ್ಲ" ಅಂತಾರೆ. ಇನ್ನೊಬ್ಬರು "ಕಾಯಿಲ್ ಅಂದರೆ ಕಡಿಮೆಯಾದ ಆ 8 ಮೀಟರ್ ತಂತಿಯೇ. ಆ ತಂತಿಯಲ್ಲಿ ಎಷ್ಟು ಕರೆಂಟ್ ಇಳಿಯುತ್ತಿತ್ತೋ ಅಷ್ಟು ಇದರಲ್ಲೂ ಇಳಿಯುತ್ತದೆ" ಅಂತಾರೆ. ಇಬ್ಬರೂ ಅನುಭವಸ್ಥರು. ಆದರೆ 86 ಇಬ್ಬರ ಮಾತಿಗೂ ಹೊಂದುತ್ತಿಲ್ಲ. ಅಥವಾ ಆ 14 ಪಾಲು ಕಾಯಿಲ್‌ನಲ್ಲಿ ಬಿಸಿಯಾಗಿ ಹೋಯಿತಾ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. 73 (ಶುಭಾಶಯ).

ಸೋಲ್ಡರ್_ಹೊಗೆ:

ಅದಲುಬದಲು ಮಾಡಿದ್ದು ಒಳ್ಳೆಯದಾಯಿತು. ಇನ್ನೊಂದು ಪರೀಕ್ಷೆ ಮಾಡಿ. ಎರಡೂ ರಿಂಗ್‌ಗಳನ್ನು ರಾಡ್‌ನ ಬುಡದಲ್ಲಿ ಒಟ್ಟಿಗೆ ಕೂರಿಸಿ, ಪವರ್ ಏರಿಸಿ ಇಳಿಸಿ ನೋಡಿ. ಕರೆಂಟ್ ಕಡಿಮೆಯಾದ ಹಾಗೆ ಡಯೋಡ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಎರಡು ಮುಳ್ಳೂ ಜೊತೆಜೊತೆಗೆ ಇಳಿದರೂ, ಇಳಿತ ಪವರ್‌ಗೆ ತಕ್ಕಂತೆ ಇದೆಯಾ ಅಂತ ಖಚಿತ ಮಾಡಿಕೊಳ್ಳಿ.

ನಲವತ್ತು_ಮೀಟರ್:

ಮಾಡಿದೆ ಸರ್. ಪವರ್ ಕಾಲು ಭಾಗ ಮಾಡಿದರೆ ಎರಡೂ ಮುಳ್ಳು ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತವೆ. ಮೀಟರ್ ನಂಬಬಹುದು ಅನಿಸುತ್ತದೆ.

ತಾಮ್ರತಂತಿ:

ನಿಮ್ಮ ಅಳತೆ ನಂಬುವಂಥದ್ದೇ. ದೂರ ನಿಂತು ಓದಿದ್ದು ಬಹಳ ಮುಖ್ಯ, ಯಾಕೆಂದರೆ ಹತ್ತಿರ ಬಂದ ಮೈಯೂ ಒಂದು ಕ್ಯಾಪಾಸಿಟರ್.

ಬಿಸಿಯ ವಿಷಯ ಮೊದಲು ಮುಗಿಸೋಣ. ರೆಸಿಸ್ಟನ್ಸ್ ಪವರ್ ತಿನ್ನುತ್ತದೆ, ಕರೆಂಟ್ ತಿನ್ನುವುದಿಲ್ಲ. ಕಾಯಿಲ್‌ನಲ್ಲಿ ನಷ್ಟ ಜಾಸ್ತಿಯಾದರೆ ಇಡೀ ಆಂಟೆನಾದ ಕರೆಂಟ್ ತಗ್ಗುತ್ತದೆಯೇ ಹೊರತು, ಕೆಳಗೆ ಒಂದು ಮೇಲೆ ಇನ್ನೊಂದು ಆಗುವುದಿಲ್ಲ. ಕೆಳಗಿನಿಂದ ಹೋದದ್ದು ಮೇಲೆ ಬರಲಿಲ್ಲ ಅಂದರೆ ಪಕ್ಕದಿಂದ ಹೊರಗೆ ಹೋಗಿದೆ ಅಂತಲೇ ಅರ್ಥ.

ಹೌದು, ಪಕ್ಕದಿಂದಲೇ. ಕಾಯಿಲ್‌ನ ಒಂದೊಂದು ಸುತ್ತಿಗೂ ನೆಲಕ್ಕೂ ನಡುವೆ ಚೂರು ಕ್ಯಾಪಾಸಿಟನ್ಸ್ ಇದೆ. ಉದ್ದಕ್ಕೂ ಸಣ್ಣ ತೂತುಗಳಿರುವ ನೀರಿನ ಪೈಪ್ ಇದ್ದ ಹಾಗೆ. ಎಷ್ಟು ಸೋರುತ್ತದೆ ಅನ್ನುವುದು ಅಲ್ಲಿನ ವೋಲ್ಟೇಜ್ ಮೇಲೆ ನಿಂತಿದೆ. ನಿಮ್ಮ ಲೆಕ್ಕವನ್ನೇ ತಗೊಳ್ಳಿ. 36 ಮೈಕ್ರೋಹೆನ್ರಿ ಅಂದರೆ 7.1 ಮೆಗಾಹರ್ಟ್ಸ್‌ನಲ್ಲಿ 1600 ಓಮ್ ರಿಯಾಕ್ಟನ್ಸ್ (ಎಸಿ ಕರೆಂಟ್‌ಗೆ ಕಾಯಿಲ್ ಒಡ್ಡುವ ತಡೆ). ನೆಲದ ನಷ್ಟ, ಕಾಯಿಲ್ ನಷ್ಟ, ರೇಡಿಯೇಶನ್ ರೆಸಿಸ್ಟನ್ಸ್ (ಪವರ್ ಅಲೆಯಾಗಿ ಹೊರಹೋಗುವುದನ್ನು ಸೂಚಿಸುವ ಓಮ್) ಎಲ್ಲ ಸೇರಿ 20 ಓಮ್ ಅಂದುಕೊಳ್ಳಿ. 5 ವ್ಯಾಟ್‌ಗೆ ಅರ್ಧ ಆಂಪಿಯರ್. ಅಂದರೆ ಕಾಯಿಲ್‌ನ ಮೇಲಿನ ತುದಿಯಲ್ಲಿ 800 ವೋಲ್ಟ್! ಆ 800 ವೋಲ್ಟ್ ಮೇಲಿನ ರಾಡನ್ನೂ ತಳ್ಳುತ್ತದೆ, ಕಾಯಿಲ್‌ನ ಮೈಯಿಂದ ಗಾಳಿಗೂ ತಳ್ಳುತ್ತದೆ. ಮೇಲಿನ 1.25 ಮೀಟರ್ ರಾಡ್‌ನ ಕ್ಯಾಪಾಸಿಟನ್ಸ್ ಸುಮಾರು 13 ಪಿಕೋಫ್ಯಾರಡ್ ಅಷ್ಟೇ. ನಿಮ್ಮಷ್ಟು ದೊಡ್ಡ ಕಾಯಿಲ್‌ಗೆ ತನ್ನದೇ 4 ಪಿಕೋಫ್ಯಾರಡ್ ಇರುವುದು ಸಹಜ. ಕೆಳಗಿನ ಸುತ್ತುಗಳಲ್ಲಿ ವೋಲ್ಟೇಜ್ ಕಡಿಮೆ, ಹಾಗಾಗಿ ಅದರಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ ಬರುತ್ತದೆ ಅಂತಿಟ್ಟುಕೊಳ್ಳಿ. 2 ಪಾಲು ಪಕ್ಕಕ್ಕೆ, 13 ಪಾಲು ಮೇಲಕ್ಕೆ. ಅಂದರೆ 100ಕ್ಕೆ 87 ಮೇಲೆ ಹೋಗಬೇಕು. ನಿಮಗೆ 86 ಸಿಕ್ಕಿದೆ. ನನಗಂತೂ ಇದು ಬಹಳ ಖುಷಿ ಕೊಟ್ಟಿತು.

ಈಗ ಗೆಳೆಯರ ಮಾತು. ಮೊದಲನೆಯವರು ಹೇಳಿದ್ದು ತೀರಾ ಪುಟ್ಟ ಕಾಯಿಲ್‌ಗೆ ಸರಿ. ಅದೇ 36 ಮೈಕ್ರೋಹೆನ್ರಿಯನ್ನು ಟೊರಾಯ್ಡ್ (ಉಂಗುರದಾಕಾರದ ಕೋರ್) ಮೇಲೆ ಸುತ್ತಿದರೆ ಎರಡೂ ಬದಿ ಹೆಚ್ಚುಕಮ್ಮಿ ಒಂದೇ ಓದುತ್ತದೆ.

ಎರಡನೆಯವರ ಮಾತನ್ನು ನಿಮ್ಮ ಅಳತೆಯೇ ಅಲ್ಲಗಳೆಯುತ್ತದೆ. ಇಡೀ ಅಲೆಯ ಉದ್ದಕ್ಕೆ 360 ಡಿಗ್ರಿ ಅಂತ ಲೆಕ್ಕ. ಕ್ವಾರ್ಟರ್ ವೇವ್‌ಗೆ 90 ಡಿಗ್ರಿ. ನಿಮ್ಮ ಕೆಳಗಿನ ರಾಡ್ 10.6 ಡಿಗ್ರಿ, ಮೇಲಿನದೂ ಅಷ್ಟೇ. ನಡುವಿನ 69 ಡಿಗ್ರಿ ತಂತಿಯ ಜಾಗದಲ್ಲಿ ಕಾಯಿಲ್ ಕೂತಿದೆ ಅನ್ನುವುದಾದರೆ, ಪೂರ್ಣ ಉದ್ದದ ಆಂಟೆನಾದ ಲೆಕ್ಕದಲ್ಲಿ ಕೆಳಗೆ 100 ಇದ್ದಾಗ ಮೇಲೆ 19 ಬರಬೇಕಿತ್ತು. ಎಲ್ಲಿಯ 19, ಎಲ್ಲಿಯ 86? ಕಾಯಿಲ್ ಮಾಡುವ ಕೆಲಸ ಒಂದೇ: ಗಿಡ್ಡ ರಾಡ್‌ನ ಕೆಪಾಸಿಟಿವ್ ರಿಯಾಕ್ಟನ್ಸನ್ನು ಸರಿದೂಗಿಸುವುದು. ತಂತಿ ಸೂಸುವ ಹಾಗೆ ಅದು ಸೂಸುವುದಿಲ್ಲ. ಈ "ಕಳೆದ ಡಿಗ್ರಿ" ಲೆಕ್ಕ ಎಷ್ಟು ಜನರನ್ನು ಕಾಯಿಲ್ ಆಕಾರದ ಬೆನ್ನು ಹತ್ತಿಸಿದೆಯೋ! ಅದನ್ನು ಕೈಬಿಡುವುದು ಒಳ್ಳೆಯದು.

ನಿಜವಾಗಿ ನೋಡಬೇಕಾದ್ದು ರಾಡ್‌ನಲ್ಲಿ ಕರೆಂಟ್ ಹೇಗೆ ಹರಡಿದೆ ಅನ್ನುವುದು. ಕಾಯಿಲ್ ಬುಡದಲ್ಲಿದ್ದರೆ ಕರೆಂಟ್ ಬುಡದಿಂದ ತುದಿಗೆ ನೇರ ಇಳಿಜಾರು. ನಿಮ್ಮ ಎತ್ತರಕ್ಕೆ ರೇಡಿಯೇಶನ್ ರೆಸಿಸ್ಟನ್ಸ್ 1.4 ಓಮ್. ಕಾಯಿಲ್ ನಡುವೆ ಇಟ್ಟರೆ ಕೆಳಗಿನ ಅರ್ಧದಲ್ಲಿ ಕರೆಂಟ್ ಹೆಚ್ಚುಕಮ್ಮಿ ಸಮ, ಆಗ 3.1 ಓಮ್. ನಿಮ್ಮ ಸೋರಿಕೆ ಕಳೆದರೆ 2.8. ಈ ಸೋರಿಕೆಯಿಂದ ಆಗುವ ನಷ್ಟ ಅರ್ಧ ಡೆಸಿಬೆಲ್‌ಗೂ ಕಡಿಮೆ, ಎದುರಿನವರ ಕಿವಿಗೆ ಗೊತ್ತೂ ಆಗುವುದಿಲ್ಲ. ಇಡೀ ಉದ್ದಕ್ಕೂ ಕರೆಂಟ್ ಸಮ ಇದ್ದರೆ 5.5 ಓಮ್ ವರೆಗೆ ಹೋಗಬಹುದು. ಅದಕ್ಕೆ ದಾರಿ ಟಾಪ್ ಹ್ಯಾಟ್. ತುದಿಗೆ ನಾಲ್ಕು ಕಡ್ಡಿ ಕಟ್ಟಿ ನೋಡಿ. ಮೇಲಿನ ಕ್ಯಾಪಾಸಿಟನ್ಸ್ ಏರುತ್ತದೆ, ಸುತ್ತು ಕಡಿಮೆ ಸಾಕಾಗುತ್ತದೆ, ಕಾಯಿಲ್ ನಷ್ಟ ಇಳಿಯುತ್ತದೆ. ಸೋರಿಕೆಯೂ ತಗ್ಗಲೇಬೇಕು. ತಗ್ಗದಿದ್ದರೆ ನಾನು ಹೇಳಿದ್ದೇ ಸರಿಯಿಲ್ಲ ಅಂತ ಆಯಿತು. ಹಾಗಾಗಿ ಖಂಡಿತ ಅಳೆದು ತಿಳಿಸಿ.

ಸೋಲ್ಡರ್_ಹೊಗೆ:

ಟೊರಾಯ್ಡ್ ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ಕೆಂಪು ಟಿ200-2 ಕೋರ್ ಮೇಲೆ 55 ಸುತ್ತಿಗೆ 36 ಮೈಕ್ರೋಹೆನ್ರಿ ಸಿಗುತ್ತದೆ. ಆದರೆ ಮೇಲಿನ ಲೆಕ್ಕದಂತೆ 50 ವ್ಯಾಟ್‌ಗೆ 2500 ವೋಲ್ಟ್ ದಾಟುತ್ತದೆ. ಎನಾಮಲ್ ತಂತಿ ಅಷ್ಟು ತಡೆಯುವುದಿಲ್ಲ. 5 ವ್ಯಾಟ್ ಒಳಗೇ ಇರಿ, ಪವರ್ ಇರುವಾಗ ಕೈ ಹಾಕಬೇಡಿ.

ನಲವತ್ತು_ಮೀಟರ್:

ತಾಮ್ರತಂತಿ ಸರ್, ಕಟ್ಟಿ ನೋಡಿದೆ. ತುದಿಗೆ 60 ಸೆಂ.ಮೀ.ನ ನಾಲ್ಕು ಅಲ್ಯೂಮಿನಿಯಂ ಕಡ್ಡಿ. ರೆಸೊನೆನ್ಸ್ ತುಂಬಾ ಕೆಳಗೆ ಜಾರಿತು, ಸುತ್ತು ಬಿಚ್ಚುತ್ತಾ ಬಂದು 20ಕ್ಕೆ ನಿಂತಿದೆ. ಈಗ ಕೆಳಗೆ 100, ಮೇಲೆ 95. ಎಸ್‌ಡಬ್ಲ್ಯೂಆರ್ (ಆಂಟೆನಾ ಎಷ್ಟು ಹೊಂದುತ್ತದೆ ಅನ್ನುವ ಅಳತೆ) ಚೆನ್ನಾಗಿರುವ ಫ್ರೀಕ್ವೆನ್ಸಿ ಅಗಲ ಮೊದಲಿನ ಎರಡುಪಟ್ಟು ಆಗಿದೆ. ಈ ಅಗಲ ನಷ್ಟ ಜಾಸ್ತಿಯಾಗಿ ಬಂದದ್ದಲ್ಲ ತಾನೇ?

ತಾಮ್ರತಂತಿ:

ಅಲ್ಲ. 1600 ಓಮ್ ಇದ್ದ ರಿಯಾಕ್ಟನ್ಸ್ ಈಗ 600ರ ಆಸುಪಾಸಿಗೆ ಬಂದಿದೆ, ಅಗಲ ಬಂದದ್ದು ಮುಖ್ಯವಾಗಿ ಅದರಿಂದ. ಕ್ಯೂ (ರಿಯಾಕ್ಟನ್ಸ್‌ಗೂ ನಷ್ಟದ ಓಮ್‌ಗೂ ಇರುವ ಅನುಪಾತ) 200 ಅಂತಿಟ್ಟರೆ ಕಾಯಿಲ್ ನಷ್ಟ 8 ಓಮ್‌ನಿಂದ 3ಕ್ಕೆ ಇಳಿದಿದೆ. ಈಗ ನಿಮ್ಮ ಪವರ್ ಜಾಸ್ತಿ ಹೋಗುತ್ತಿರುವುದು ನೆಲಕ್ಕೆ. ರೇಡಿಯಲ್‌ಗಳನ್ನು (ಬುಡದಿಂದ ನೆಲದ ಮೇಲೆ ಹರಡುವ ತಂತಿಗಳು) ಒಂದೊಂದಾಗಿ ಸೇರಿಸುತ್ತಾ ಫೀಡ್ ಪಾಯಿಂಟ್ (ಆಂಟೆನಾಗೆ ಪವರ್ ಕೊಡುವ ಜಾಗ) ರೆಸಿಸ್ಟನ್ಸ್ ಅಳೆಯಿರಿ. ಅದು ಇಳಿಯುತ್ತಿರುವ ತನಕ ಸೇರಿಸುತ್ತಲೇ ಹೋಗಿ. ಆಗ ಎಸ್‌ಡಬ್ಲ್ಯೂಆರ್ ಕೆಟ್ಟಂತೆ ಕಾಣಬಹುದು, ಅದಕ್ಕೆ ಗಾಬರಿ ಬೇಡ, ಬುಡದಲ್ಲಿ ಮ್ಯಾಚಿಂಗ್ ಮಾಡಿಕೊಳ್ಳಿ.