‘ಎಪಿಜೆನೆಟಿಕ್ ಮಾರ್ಕರ್’: ಗುರುತೇ, ಸೂಚಕವೇ?

ಮಿತ್ರರೇ,

ವಯಸ್ಕರ ಆಟಿಸಂ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಅದರ ವಸ್ತು. ಆಟಿಸಂ ಇರುವ ವಯಸ್ಕರ ಮತ್ತು ಇಲ್ಲದವರ ರಕ್ತದ ಡಿಎನ್‌ಎಯನ್ನು ಅವರು ಹೋಲಿಸಿದರು. ಪಿಪಿಪಿ2ಆರ್2ಸಿ ಎಂಬ ಜೀನಿನ ಒಂದು ತಾಣದಲ್ಲಿ ಆಟಿಸಂ ಇರುವವರಲ್ಲಿ ಮೀಥೈಲೀಕರಣ, ಅಂದರೆ ಡಿಎನ್‌ಎಗೆ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿಕೊಳ್ಳುವುದು, ಹೆಚ್ಚಾಗಿ ಕಂಡಿತು. ಇಂಥದ್ದನ್ನು ‘ಎಪಿಜೆನೆಟಿಕ್ ಮಾರ್ಕರ್’ ಎನ್ನುತ್ತಾರೆ. ಕನ್ನಡದಲ್ಲಿ ಏನೆಂದು ಬರೆಯಬೇಕು?

‘ವಂಶವಾಹಿಯ ಬದಲಾವಣೆ’ ಎಂದರೆ ಓದಲು ಸಲೀಸು, ಆದರೆ ಅರ್ಥವೇ ಕೆಡುತ್ತದೆ. ಡಿಎನ್‌ಎಯ ಅಕ್ಷರಗಳಲ್ಲೊಂದಾದ ಸೈಟೊಸಿನ್‌ಗೆ ಮೀಥೈಲ್ ಗುಂಪು ಅಂಟಿಕೊಂಡಾಗ ಆ ಅಕ್ಷರಗಳ ಸಾಲು ಇದ್ದಂತೆಯೇ ಇರುತ್ತದೆ. ಆ ಜೀನ್ ಎಷ್ಟು ಕೆಲಸ ಮಾಡಬೇಕು ಎಂಬುದಷ್ಟೇ ಬದಲಾಗಬಹುದು. ಇವತ್ತಿನ ಯಕ್ಷಗಾನದ ಆಟಕ್ಕೆ ಯಾವ ಪದ್ಯ ಬಿಡಬೇಕೆಂದು ಭಾಗವತರು ಪ್ರಸಂಗದ ಪುಸ್ತಕದಲ್ಲಿ ಗೆರೆ ಹಾಕಿಕೊಂಡರೆ ಪ್ರಸಂಗ ಬದಲಾಗುವುದಿಲ್ಲವಲ್ಲ, ಹಾಗೆ.

ಗ್ರೀಕಿನ ‘ಎಪಿ’ಗೆ ‘ಮೇಲೆ’ ಎಂಬ ಅರ್ಥವಿದೆಯೆಂದು, ತಳಿವಿಜ್ಞಾನದ ‘ತಳಿ’ಯನ್ನು ಜೋಡಿಸಿ ‘ಮೇಲ್ತಳಿ’ ಎಂದು ಟಂಕಿಸಬಹುದು. ನನಗೆ ಇದು ಬೇಡವೇ ಬೇಡ ಎನಿಸುತ್ತದೆ. ಭತ್ತದ ತಳಿ, ಹಸುವಿನ ತಳಿ ಎಂದು ದಿನವೂ ಆಡುವವರ ಕಿವಿಗೆ ಅದು ‘ಶ್ರೇಷ್ಠ ತಳಿ’ ಎಂದೇ ಕೇಳುತ್ತದೆ. ಮನುಷ್ಯರ ವಿಷಯದಲ್ಲಿ, ಅದರಲ್ಲೂ ಆಟಿಸಂ ಇರುವವರ ವಿಷಯದಲ್ಲಿ, ಆ ಧ್ವನಿ ಬರಬಾರದು. ‘ಎಪಿ’ಯ ಬದಲು ಸಂಸ್ಕೃತದ ‘ಅಧಿ’ ಹಚ್ಚಿದರೆ ಅಧಿಕಾರ, ಅಧಿಪತಿಗಳ ನೆನಪು. ಸದ್ಯಕ್ಕೆ ‘ಎಪಿಜೆನೆಟಿಕ್’ ಎಂದೇ ಉಳಿಸಿಕೊಂಡಿದ್ದೇನೆ.

ಇನ್ನು ‘ಮಾರ್ಕರ್’. ಮೀಥೈಲ್ ಅಂಟಿರುವುದನ್ನು ‘ಗುರುತು’ ಎನ್ನಲು ಅಡ್ಡಿಯಿಲ್ಲ. ಆದರೆ ‘ಆಟಿಸಂನ ಗುರುತು’ ಎಂದೊಡನೆ ಗುರುತಿನ ಚೀಟಿಯಷ್ಟು ಖಚಿತವಾದ ಸಾಕ್ಷಿ ರಕ್ತದಲ್ಲಿದೆ ಎಂದಾಗುತ್ತದೆ. ರಕ್ತದ ಮೀಥೈಲೀಕರಣ ವಯಸ್ಸಿನಿಂದ, ಧೂಮಪಾನದಿಂದ, ರಕ್ತಕಣಗಳ ಪ್ರಮಾಣದಿಂದಲೂ ವ್ಯತ್ಯಾಸವಾಗುತ್ತದೆ. ರಕ್ತದಲ್ಲಿ ಕಂಡದ್ದು ಮಿದುಳಿನಲ್ಲೂ ಇರಲೇಬೇಕೆಂದಿಲ್ಲ. ಆದ್ದರಿಂದ ಇಲ್ಲಿ ‘ಸೂಚಕ’ವೇ ಸರಿ ಎಂಬುದು ನನ್ನ ಅಭಿಪ್ರಾಯ. ಹಾಗೆಯೇ ‘ಪತ್ತೆ’ ಬೇಡ, ‘ಹುಡುಕಾಟ’ ಇರಲಿ. ‘ರಕ್ತಪರೀಕ್ಷೆಯಿಂದ ಆಟಿಸಂ ಪತ್ತೆ’ ಎಂಬ ತಲೆಬರಹ ಓದಿದವರು ನಾಳೆಯೇ ಪ್ರಯೋಗಾಲಯದ ಬಾಗಿಲಲ್ಲಿ ನಿಲ್ಲುತ್ತಾರೆ. ಇಂದಿಗೂ ಆಟಿಸಂ ಇದೆಯೇ ಎಂಬ ನಿರ್ಣಯ ಆಗುವುದು ನಡವಳಿಕೆಯನ್ನು ಗಮನಿಸಿ, ಬಾಲ್ಯದ ಬೆಳವಣಿಗೆಯನ್ನು ವಿಚಾರಿಸಿ. ನಲವತ್ತು ದಾಟಿದವರ ಬಾಲ್ಯವನ್ನು ಹೇಳಲು ತಂದೆತಾಯಿ ಇಲ್ಲದಿರಬಹುದು. ವಯಸ್ಕರಿಗೆ ಇಂಥ ಸೂಚಕ ಸಿಕ್ಕರೆ ಉಪಯೋಗವಾದೀತು ಎನ್ನುವುದು ಅದಕ್ಕೇ.

ಆಟಿಸಂಗೆ ಕನ್ನಡದಲ್ಲಿ ಬಳಸುವ ‘ಸ್ವಲೀನತೆ’ಯನ್ನೂ ಕೈಬಿಟ್ಟಿದ್ದೇನೆ. ತನ್ನಲ್ಲೇ ಮುಳುಗಿದವರು ಎಂಬ ತೀರ್ಪು ಆ ಪದದಲ್ಲೇ ಇದೆ. ಆಟಿಸಂ ಇರುವವರು ‘ಪೀಡಿತ’ರಂತೂ ಅಲ್ಲವೇ ಅಲ್ಲ, ಈ ಲೇಖನವನ್ನು ಅವರೂ ಓದುತ್ತಾರೆ.

‘ಎಪಿಜೆನೆಟಿಕ್ ಸೂಚಕ’ ಎಂಬ ಜೋಡಿ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ವೈದ್ಯಕೀಯ ಬರಹ ಮಾಡುವವರು ಬೇರೆ ಪದ ಬಳಸುತ್ತಿದ್ದರೆ, ಅದು ಬಂದಿರುವ ಒಂದು ವಾಕ್ಯದ ಸಮೇತ ದಯವಿಟ್ಟು ತಿಳಿಸಿ.