ಮಾಲಾ-ಎನ್ ಮಾತ್ರೆ ಮೂರು ರಾತ್ರಿ ತಪ್ಪಿಹೋಗಿದೆ, ಈಗ ಏನು ಮಾಡಬೇಕು?

ಪ್ರಶ್ನೆ – ಅರಸೀಕೆರೆಯ ಗೃಹಿಣಿ

ನನಗೆ 29 ವರ್ಷ, ಮಗುವಿಗೆ ಒಂದೂಕಾಲು ವರ್ಷ. ಆಶಾ ಕಾರ್ಯಕರ್ತೆಯವರು ತಂದುಕೊಟ್ಟ ಮಾಲಾ-ಎನ್ ಗರ್ಭನಿರೋಧಕ ಮಾತ್ರೆಯನ್ನು ಎರಡು ತಿಂಗಳಿನಿಂದ ರಾತ್ರಿ ಒಂಬತ್ತು ಗಂಟೆಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದೆ. ಶನಿವಾರ ತಂಗಿಯ ಸೀಮಂತಕ್ಕೆ ತವರಿಗೆ ಹೊರಡುವ ಗಡಿಬಿಡಿಯಲ್ಲಿ ಮಾತ್ರೆಯ ಶೀಟು ಅಡುಗೆಮನೆಯ ಗೂಡಿನಲ್ಲೇ ಉಳಿದುಹೋಯಿತು. 16, 17 ಮತ್ತು 18ನೆಯ ಮಾತ್ರೆಗಳು ತಪ್ಪಿವೆ. ಇಂದು ಮಂಗಳವಾರ ಮಧ್ಯಾಹ್ನ ಮನೆಗೆ ಮರಳಿದ್ದೇನೆ. ಪತಿ ಹತ್ತು ದಿನಗಳಿಂದ ಕೆಲಸದ ಮೇಲೆ ಪರ ಊರಿನಲ್ಲಿದ್ದು, ನಾಳೆ ಬರುತ್ತಾರೆ. ಪಕ್ಕದ ಮನೆಯ ಅಕ್ಕ ಮೂರನ್ನೂ ಒಟ್ಟಿಗೆ ನುಂಗಬೇಕೆನ್ನುತ್ತಾರೆ. ಅತ್ತಿಗೆಯವರು, ಈ ಶೀಟನ್ನು ಎಸೆದು ಮುಟ್ಟಾದ ಮೇಲೆ ಹೊಸದನ್ನು ಆರಂಭಿಸು ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ – ಶುಶ್ರೂಷಕಿ

ಇಬ್ಬರ ಮಾತೂ ಸರಿಯಲ್ಲ. ಮೂರನ್ನೂ ಒಟ್ಟಿಗೆ ನುಂಗಿದರೆ ವಾಕರಿಕೆ ಬರುತ್ತದೆಯೇ ಹೊರತು ಕಳೆದುಹೋದ ರಕ್ಷಣೆ ಮರಳುವುದಿಲ್ಲ. ಈಗಲೇ ಒಂದು ಮಾತ್ರೆ ತೆಗೆದುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಇಂದಿನ ಮಾತ್ರೆಯನ್ನು ಎಂದಿನಂತೆ ತೆಗೆದುಕೊಳ್ಳಿ. ಒಂದೇ ದಿನ ಎರಡಾದರೆ ತೊಂದರೆಯಿಲ್ಲ. ತಪ್ಪಿದ ಉಳಿದೆರಡನ್ನು ಬದಿಗಿಡಿ. ಗುರುವಾರಕ್ಕೆ 21ನೆಯ ಬಿಳಿ ಮಾತ್ರೆ ಮುಗಿಯುತ್ತದೆ. ಕೊನೆಯ ಏಳು ಕಂದು ಮಾತ್ರೆಗಳನ್ನು ಈ ಬಾರಿ ಬಿಟ್ಟು, ಶುಕ್ರವಾರ ರಾತ್ರಿಯೇ ಹೊಸ ಶೀಟು ಆರಂಭಿಸಬೇಕು.

ಇದರ ಕಾರಣವನ್ನು ತಿಳಿದುಕೊಂಡರೆ ಮುಂದೆ ಯಾರನ್ನೂ ಕೇಳಬೇಕಾಗುವುದಿಲ್ಲ. ಕಂದು ಮಾತ್ರೆಗಳಲ್ಲಿರುವುದು ಕಬ್ಬಿಣಾಂಶ ಮಾತ್ರ. ಅವುಗಳನ್ನು ನುಂಗುವ ಏಳು ದಿನ ದೇಹಕ್ಕೆ ಹಾರ್ಮೋನು ಸಿಗದಿರುವುದರಿಂದ ಅಂಡಾಶಯ ನಿಧಾನವಾಗಿ ಚುರುಕಾಗತೊಡಗುತ್ತದೆ. ಏಳನೆಯ ದಿನ ಮುಗಿದೊಡನೆ ಹೊಸ ಶೀಟು ಶುರುವಾದರೆ ಅದು ಮತ್ತೆ ಸುಮ್ಮನಾಗುತ್ತದೆ. ಆ ಬಿಡುವು ಉದ್ದವಾದಷ್ಟೂ ಅಂಡ ಬಿಡುಗಡೆಯಾಗುವ ಅಪಾಯ ಹೆಚ್ಚು. ನಿಮಗೆ ಈಗಾಗಲೇ ಮೂರು ದಿನ ಬಿಡುವಾಗಿರುವಾಗ ಅದರ ಬೆನ್ನಿಗೇ ಇನ್ನೊಂದು ಬಿಡುವು ಬರಬಾರದು. ಅತ್ತಿಗೆಯವರ ಸಲಹೆಯಲ್ಲಿರುವ ದೋಷವೂ ಇದೇ. ತಿಂಗಳ ನಡುವೆ ತಪ್ಪಿದರೆ ಎಲ್ಲರೂ ಗಾಬರಿಯಾಗುತ್ತಾರೆ, ಆದರೆ ಹೊಸ ಶೀಟನ್ನು ಎರಡು ಮೂರು ದಿನ ತಡವಾಗಿ ಆರಂಭಿಸುವುದನ್ನು ಯಾರೂ ತಪ್ಪೆಂದೇ ಎಣಿಸುವುದಿಲ್ಲ. ಹೆಚ್ಚು ಗರ್ಭ ನಿಲ್ಲುವುದು ಅಲ್ಲಿಯೇ.

ಇಂದಿನಿಂದ ಏಳು ದಿನ ಸತತವಾಗಿ ಬಿಳಿ ಮಾತ್ರೆ ಒಳಗೆ ಹೋಗುವವರೆಗೆ ನಿರೋಧ್ ಬಳಸಿ. ಈ ತಿಂಗಳು ಮುಟ್ಟಾಗದಿದ್ದರೆ ಅಂಜಬೇಡಿ. ಒಂದೇ ಮಾತ್ರೆ ತಪ್ಪಿದ್ದರೆ ಇದಾವುದೂ ಬೇಕಾಗುತ್ತಿರಲಿಲ್ಲ. ನೆನಪಾದೊಡನೆ ಅದನ್ನು ತೆಗೆದುಕೊಂಡರೆ ಸಾಕಿತ್ತು.

ಉತ್ತರ – ಸ್ತ್ರೀರೋಗ ವೈದ್ಯೆ

ಲೆಕ್ಕ ಸರಿಯಾಗಿದೆ. ಆದರೆ ಮುಂದುವರಿಯುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು, ಏಕೆಂದರೆ ಮಾತ್ರೆ ಮನೆ ಬಾಗಿಲಿಗೇ ಬರುವಾಗ ಇವನ್ನು ಕೇಳುವುದು ಬಹಳ ಸಲ ಬಿಟ್ಟುಹೋಗುತ್ತದೆ. ನಿಮ್ಮ ಬಿ.ಪಿ. ನೋಡಿದ್ದಾರೆಯೇ? ಅದು 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಈ ಮಾತ್ರೆ ಸಲ್ಲದು. ಕಾಲಿನಲ್ಲಿ ಎಂದಾದರೂ ರಕ್ತ ಹೆಪ್ಪುಗಟ್ಟಿತ್ತೇ? ಕ್ಷಯರೋಗದ ರಿಫಾಂಪಿಸಿನ್ ಅಥವಾ ಮೂರ್ಛೆರೋಗದ ಫಿನಿಟಾಯಿನ್, ಕಾರ್ಬಮಜೆಪಿನ್ ನಡೆಯುತ್ತಿದೆಯೇ? ಇವು ಮಾತ್ರೆಯ ಬಲವನ್ನೇ ಕುಗ್ಗಿಸುತ್ತವೆ. ಅರೆತಲೆನೋವು ಇದ್ದರೆ, ನೋವಿಗೆ ಮೊದಲು ಕಣ್ಣೆದುರು ಏನಾದರೂ ಕಾಣಿಸುತ್ತದೆಯೇ?

ಪ್ರಶ್ನೆ ಕೇಳಿದವರು

ಬಿ.ಪಿ. ಯಾರೂ ನೋಡಿರಲಿಲ್ಲ. ಸಂಜೆ ಔಷಧ ಅಂಗಡಿಯ ಪಕ್ಕದ ಕ್ಲಿನಿಕ್ಕಿನಲ್ಲಿ ನೋಡಿಸಿದೆ, 118/76 ಇದೆ. ಬೇರೆ ಯಾವ ಔಷಧವೂ ಇಲ್ಲ. ಆದರೆ ಕಾಲೇಜಿನ ದಿನಗಳಿಂದಲೂ ವರ್ಷಕ್ಕೆ ನಾಲ್ಕಾರು ಬಾರಿ ಒಂದೇ ಪಕ್ಕದ ತಲೆನೋವು ಬರುತ್ತದೆ. ಅದಕ್ಕೆ ಮೊದಲು ಸುಮಾರು ಇಪ್ಪತ್ತು ನಿಮಿಷ ಗರಗಸದ ಹಲ್ಲಿನಂತಹ ಹೊಳೆಯುವ ಗೆರೆಗಳು ಕಣ್ಣಿನ ಅಂಚಿನಿಂದ ಹರಡುತ್ತವೆ, ಆಗ ಓದುತ್ತಿರುವ ಅಕ್ಷರಗಳ ಅರ್ಧ ಭಾಗ ಕಾಣುವುದಿಲ್ಲ. ಇದನ್ನು ಯಾರಿಗೂ ಹೇಳಬೇಕೆಂದು ನನಗೆ ತೋಚಿರಲಿಲ್ಲ.

ಉತ್ತರ – ಸ್ತ್ರೀರೋಗ ವೈದ್ಯೆ

ಹೇಳಿದ್ದು ಬಹಳ ಒಳ್ಳೆಯದಾಯಿತು. ಹಾಗಿದ್ದರೆ ಮೇಲಿನ ಸಲಹೆ ನಿಮಗೆ ಅನ್ವಯಿಸುವುದಿಲ್ಲ. ಇಂದು ರಾತ್ರಿಯಿಂದಲೇ ಮಾತ್ರೆ ನಿಲ್ಲಿಸಿ. ನೀವು ವಿವರಿಸಿದ ಗೆರೆಗಳು ಅರೆತಲೆನೋವಿನ ಮುನ್ಸೂಚನೆಯಂತೆಯೇ ಇವೆ. ಅಂತಹವರು ಮಾಲಾ-ಎನ್‌ನಂತಹ, ಈಸ್ಟ್ರೋಜೆನ್ ಹಾರ್ಮೋನು ಇರುವ ಮಾತ್ರೆ ತೆಗೆದುಕೊಂಡರೆ ಮಿದುಳಿನ ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದರಿಂದ, ವಯಸ್ಸು ಎಷ್ಟೇ ಚಿಕ್ಕದಿದ್ದರೂ ಅದನ್ನು ಕೊಡುವುದಿಲ್ಲ. ಎರಡು ತಿಂಗಳು ಏನೂ ಆಗಿಲ್ಲವೆಂಬುದು ಮುಂದುವರಿಸಲು ಕಾರಣವಾಗದು. ಕೆಲವು ದಿನಗಳಲ್ಲಿ ರಕ್ತಸ್ರಾವ ಬರಬಹುದು, ಅದು ಸಹಜ.

ನಾಳೆಯಿಂದ ಪ್ರತಿ ಬಾರಿಯೂ ನಿರೋಧ್ ಬಳಸುತ್ತಾ, ಈ ವಾರವೇ ಆಸ್ಪತ್ರೆಗೆ ಹೋಗಿ ತಲೆನೋವಿನ ವಿವರವನ್ನು ಇಲ್ಲಿ ಬರೆದಂತೆಯೇ ಹೇಳಿ. ಈಸ್ಟ್ರೋಜೆನ್ ಇಲ್ಲದ ದಾರಿಗಳು ಸರ್ಕಾರಿ ವ್ಯವಸ್ಥೆಯಲ್ಲೇ ಉಚಿತವಾಗಿವೆ. ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ತೆಗೆದುಕೊಳ್ಳಬೇಕು. ಮಾತ್ರೆ ನೆನಪಿಡುವ ಕಷ್ಟವೇ ಬೇಡವೆನಿಸಿದರೆ ಕಾಪರ್-ಟಿ ಇದೆ. ನಿಮ್ಮ ಸ್ಥಿತಿಯಲ್ಲಿ ನಾನು ಮೊದಲು ಸೂಚಿಸುವುದು ಅದನ್ನೇ. ಈ ನಡುವೆ ಮುಖ ಅಥವಾ ಕೈಯ ಒಂದು ಪಕ್ಕ ಜೋಮು ಹಿಡಿದರೆ, ಮಾತು ತೊದಲಿದರೆ, ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಕಂಡರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ.

ಉಳಿದ ಶೀಟುಗಳನ್ನು ನೆರೆಯವರಿಗೋ ಅತ್ತಿಗೆಗೋ ಕೊಡಬೇಡಿ. ಅವನ್ನು ಆಶಾ ಕಾರ್ಯಕರ್ತೆಯವರಿಗೇ ಮರಳಿಸಿ, ನಿಲ್ಲಿಸಿದ ಕಾರಣವನ್ನೂ ತಿಳಿಸಿ; ಮುಂದಿನ ಮನೆಯಲ್ಲಿ ಶೀಟು ಕೊಡುವ ಮೊದಲು ಅವರು ಆ ಪ್ರಶ್ನೆಯನ್ನು ಕೇಳುತ್ತಾರೆ.